ಸಲಹೆ ಕೊಡದ ಕೌನ್ಸೆಲಿಂಗ್‌ನಿಂದ ಏನು ಉಪಯೋಗ?

ಕೌನ್ಸೆಲಿಂಗ್‌ಗೆ ಹೋಗಿ ಬಂದವರನ್ನು ಮನೆಯವರು ಮೊದಲು ಕೇಳುವುದು ಒಂದೇ ಮಾತು: "ಏನ್ ಹೇಳಿದ್ರು?" ವೈದ್ಯರ ಹತ್ತಿರ ಹೋದರೆ ಚೀಟಿ ಬರೆದುಕೊಡುತ್ತಾರೆ. ಹಿರಿಯರ ಹತ್ತಿರ ಹೋದರೆ ಬುದ್ಧಿ ಹೇಳುತ್ತಾರೆ. ಕೌನ್ಸೆಲರ್ ಕೂಡ ಏನೋ ಹೇಳಿ ಕಳಿಸಿರಬೇಕು ಎಂದುಕೊಳ್ಳುವುದು ಸಹಜ. "ಅವರು ಜಾಸ್ತಿ ಏನೂ ಹೇಳಲಿಲ್ಲ, ನಾನೇ ಮಾತಾಡಿದೆ" ಅಂದರೆ ಮುಂದಿನ ಪ್ರಶ್ನೆ ತಯಾರಾಗಿರುತ್ತದೆ: "ಸುಮ್ನೆ ಕೇಳಿಸಿಕೊಳ್ಳೋಕೆ ಅಷ್ಟು ದುಡ್ಡಾ?"

ಈ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರವೂ ಇದೆ. ಆದರೆ ಆ ಉತ್ತರ ಕನ್ನಡದಲ್ಲಿ ಅಷ್ಟಾಗಿ ಕೇಳಿಬಂದಿಲ್ಲ.

ಈಗ ಮನಸ್ಸಿನ ಬಗ್ಗೆ ಮಾತಾಡುವುದು ಮೊದಲಿನಷ್ಟು ಮುಜುಗರದ ವಿಷಯವಲ್ಲ. ಕಾಲೇಜುಗಳಲ್ಲಿ ಕೌನ್ಸೆಲರ್ ಇದ್ದಾರೆ, ಕಂಪನಿಗಳು ಉದ್ಯೋಗಿಗಳಿಗೆ ಕೆಲವು ಸೆಷನ್‌ಗಳನ್ನು ಉಚಿತವಾಗಿ ಕೊಡುತ್ತವೆ, ಮೊಬೈಲ್ ಆ್ಯಪ್‌ಗಳಿವೆ, ರೀಲ್ಸ್ ತೆರೆದರೆ ಆತಂಕ ಕಡಿಮೆ ಮಾಡುವ ಐದು ದಾರಿಗಳು ಸಿಗುತ್ತವೆ. ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಉಸಿರಾಟದ ಒಂದು ಅಭ್ಯಾಸ ಒಬ್ಬ ಹುಡುಗನನ್ನು ನಿಜವಾಗಿಯೂ ಕಾಪಾಡಬಹುದು. ಆದರೆ ಇನ್ನೊಂದು ರೀತಿಯ ಕಷ್ಟವಿದೆ. "ಇದೆಲ್ಲ ನನಗೂ ಗೊತ್ತು. ಬೇರೆಯವರಿಗೆ ನಾನೇ ಹೇಳ್ತೀನಿ. ಆದ್ರೂ ನನ್ನಿಂದ ಆಗ್ತಿಲ್ಲ." ಸಿಟ್ಟು ಮಾಡಿಕೊಳ್ಳಬಾರದು ಎಂದು ಗೊತ್ತಿದ್ದೂ ಮಕ್ಕಳ ಮೇಲೆ ಕೈ ಎತ್ತುವವರು, ಒಂದು ಸಂಬಂಧ ಮುರಿದ ಮೇಲೆ ಅಂಥದ್ದೇ ಇನ್ನೊಂದಕ್ಕೆ ಸಿಕ್ಕಿಬೀಳುವವರು, ಬಡ್ತಿ ಕೈಗೆ ಬರುವ ಹೊತ್ತಿಗೆ ಕೆಲಸ ಬಿಡುವವರು ನಮ್ಮ ನಡುವೆಯೇ ಇದ್ದಾರಲ್ವಾ? ಇವರಿಗೆ ತಿಳುವಳಿಕೆ ಕಡಿಮೆಯಿಲ್ಲ. ಇನ್ನೊಂದು ಸಲಹೆ ಕೊಟ್ಟರೆ ಅದೂ ಅವರ "ಗೊತ್ತಿರುವ ವಿಷಯ"ಗಳ ಪಟ್ಟಿಗೆ ಸೇರುತ್ತದೆ, ಅಷ್ಟೇ.

ಸೈಕೋಡೈನಮಿಕ್ ಕೌನ್ಸೆಲಿಂಗ್ ಇಂಥವರ ಜೊತೆ ಕೆಲಸ ಮಾಡುವ ಒಂದು ವಿಧಾನ. ಅದರ ಮೂಲ ನಂಬಿಕೆ ಇಷ್ಟು: ನಮ್ಮ ನಡವಳಿಕೆಯ ಎಷ್ಟೋ ಕಾರಣಗಳು ನಮಗೇ ಕಾಣದ ಜಾಗದಲ್ಲಿವೆ. ಚಿಕ್ಕಂದಿನಲ್ಲಿ ಹತ್ತಿರದವರ ಜೊತೆ ಬದುಕಲು ಕಲಿತ ರೀತಿ ದೊಡ್ಡವರಾದ ಮೇಲೂ ನಮ್ಮೊಳಗೆ ನಡೆಯುತ್ತಲೇ ಇರುತ್ತದೆ. ಅದು ನಮಗೆ ಕಂಡರೆ, ಬೇರೆ ರೀತಿ ನಡೆದುಕೊಳ್ಳುವ ಅವಕಾಶ ಹುಟ್ಟುತ್ತದೆ.

ಇಲ್ಲಿಯೇ ಒಂದು ತಪ್ಪು ಕಲ್ಪನೆಯೂ ಇದೆ. ಈ ವಿಧಾನ ಅಂದರೆ ಬಾಲ್ಯವನ್ನು ಕೆದಕಿ, ಮರೆತ ಘಟನೆಯೊಂದನ್ನು ಹೊರಗೆ ತೆಗೆದು, "ಇದೇ ಕಾರಣ" ಎಂದು ತೋರಿಸುವುದು ಎಂದು ಹಲವರು ತಿಳಿದಿದ್ದಾರೆ. ಸಿನಿಮಾಗಳಲ್ಲಿ ಹಾಗೆಯೇ ಇರುತ್ತದೆ. ನಿಜವಾದ ಕೆಲಸ ನಡೆಯುವುದು ಹಾಗಲ್ಲ. ಹಳೆಯ ರೀತಿ ಆ ಕೋಣೆಯಲ್ಲೇ, ಕೌನ್ಸೆಲರ್ ಎದುರಿಗೇ ಮತ್ತೆ ನಡೆಯುತ್ತದೆ. ನಡೆಯುವಾಗಲೇ ಇಬ್ಬರೂ ಸೇರಿ ಅದನ್ನು ನೋಡುತ್ತಾರೆ. ಈ ವಿಧಾನದ ಜೀವಾಳ ಇದು. ಅದಕ್ಕೆ ಸಮಯ ಬೇಕು, ಒಬ್ಬರೇ ವ್ಯಕ್ತಿ ಮತ್ತೆ ಮತ್ತೆ ಎದುರಿಗೆ ಸಿಗಬೇಕು. ನಮ್ಮಲ್ಲಿ ಕೊರತೆ ಇರುವುದೂ ಅಲ್ಲೇ.

ವಿಯೆನ್ನಾದಲ್ಲಿ ಶುರುವಾದದ್ದು

1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ಯುವತಿಗೆ ಚಿಕಿತ್ಸೆ ಕೊಟ್ಟರು. ವೈದ್ಯಕೀಯ ಬರಹದಲ್ಲಿ ಆಕೆಯ ಹೆಸರು ಅನ್ನಾ ಓ. ನಿಜವಾದ ಹೆಸರು ಬರ್ತಾ ಪಾಪೆನ್‌ಹೈಮ್. ತಂದೆಯ ಕಾಯಿಲೆಯ ಕಾಲದಲ್ಲಿ ಆಕೆಗೆ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಒಂದು ಹಂತದಲ್ಲಿ ತಾಯಿನುಡಿ ಜರ್ಮನ್ ಬಾಯಿಗೆ ಬಾರದೆ ಇಂಗ್ಲಿಷ್ ಮಾತ್ರ ಮಾತಾಡುತ್ತಿದ್ದರು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡ ಮೇಲೆ ಕೆಲವು ಲಕ್ಷಣಗಳು ಹಗುರವಾಗುತ್ತಿದ್ದವು. ಇದನ್ನು "ಮಾತಿನ ಚಿಕಿತ್ಸೆ" ಎಂದು ಕರೆದವರು ವೈದ್ಯರಲ್ಲ, ಆಕೆಯೇ. ಆಕೆ ಪೂರ್ತಿ ಗುಣವಾದರು ಎಂಬ ಕಥೆ ಆಮೇಲೆ ಬೆಳೆದದ್ದು. ಚಿಕಿತ್ಸೆ ಮುಗಿದ ಮೇಲೂ ಆಕೆ ಆಸ್ಪತ್ರೆಗಳಲ್ಲಿ ಇರಬೇಕಾಯಿತು. ಮುಂದೆ ಚೇತರಿಸಿಕೊಂಡು ಜರ್ಮನಿಯ ಯಹೂದಿ ಮಹಿಳಾ ಸಂಘಟನೆಯನ್ನು ಕಟ್ಟಿದರು.

ಬ್ರಾಯರ್ ಜೊತೆ 1895ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದ ಸಿಗ್ಮಂಡ್ ಫ್ರಾಯ್ಡ್ ಅವರಿಗೆ ಮುಖ್ಯವಾದ ಒಂದು ಪಾಠ ಸಿಕ್ಕಿದ್ದು ಸೋಲಿನಿಂದ. 1900ರ ಕೊನೆಯಲ್ಲಿ ಡೋರಾ ಎಂದು ಅವರು ಕರೆದ 18 ವರ್ಷದ ಹುಡುಗಿ ಮೂರು ತಿಂಗಳೂ ತುಂಬುವ ಮೊದಲೇ ಚಿಕಿತ್ಸೆ ಬಿಟ್ಟು ಹೊರಟುಹೋದಳು. ಫ್ರಾಯ್ಡ್ ಆಮೇಲೆ ಯೋಚಿಸಿದರು: ಬೇರೆಯವರ ಮೇಲಿದ್ದ ಭಾವನೆಗಳನ್ನು ಆಕೆ ನನ್ನ ಮೇಲೆ ತಂದು ಹಾಕಿದ್ದಳು, ನಾನು ಅದನ್ನು ಸಮಯಕ್ಕೆ ಸರಿಯಾಗಿ ಗುರುತಿಸಲಿಲ್ಲ. ಇದಕ್ಕೆ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಭಾವ ವರ್ಗಾವಣೆ ಎನ್ನಬಹುದು. ಫ್ರಾಯ್ಡ್ ಹೇಳಿದ ಎಷ್ಟೋ ಮಾತುಗಳು, ಮುಖ್ಯವಾಗಿ ಹೆಂಗಸರ ಬಗ್ಗೆ ಹೇಳಿದವು, ಇವತ್ತು ನಿಲ್ಲುವುದಿಲ್ಲ. ಈ ಒಂದು ಗ್ರಹಿಕೆ ಮಾತ್ರ ನಿಂತಿದೆ. ನಂತರ ಬಂದ ಇಂಗ್ಲೆಂಡಿನ ವೈದ್ಯರಾದ ಡೊನಾಲ್ಡ್ ವಿನ್ನಿಕಾಟ್, ಜಾನ್ ಬೌಲ್ಬಿ ಮುಂತಾದವರು ಮಗು ಮತ್ತು ಅದನ್ನು ನೋಡಿಕೊಳ್ಳುವವರ ನಡುವಿನ ನಂಟಿಗೆ ಒತ್ತು ಕೊಟ್ಟರು. ಇಂದಿನ ಸೈಕೋಡೈನಮಿಕ್ ಕೌನ್ಸೆಲಿಂಗ್ ಫ್ರಾಯ್ಡ್‌ಗಿಂತ ಇವರಿಗೆ ಹತ್ತಿರ ಎಂದರೆ ತಪ್ಪಾಗಲಾರದು. ಫ್ರಾಯ್ಡ್ ಕಾಲದ ಹಾಗೆ ರೋಗಿ ಮಲಗುವ ಮಂಚವಿಲ್ಲ. ಇಬ್ಬರೂ ಎದುರುಬದುರು ಕೂರುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಒಂದು ಸಲ, ಒಂದೇ ದಿನ, ಒಂದೇ ಹೊತ್ತು, 50 ನಿಮಿಷ.

ಕೋಣೆಯೊಳಗೆ

ಒಂದು ಉದಾಹರಣೆ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಇಂಥ ಕೋಣೆಗಳಲ್ಲಿ ನಡೆಯುವಂಥದ್ದನ್ನು ಸೇರಿಸಿ ಕಟ್ಟಿದ್ದು.

ನಲವತ್ತರ ಆಸುಪಾಸಿನ ಹೆಣ್ಣುಮಗಳು. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಹುಟ್ಟೂರು ದಾವಣಗೆರೆ. ಮೂವರು ಮಕ್ಕಳಲ್ಲಿ ಹಿರಿಯವಳು. ಬಿಡದ ತಲೆನೋವು, ರಾತ್ರಿ ಮೂರಕ್ಕೆ ಎಚ್ಚರ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ಬ್ಯಾಂಕಿನಲ್ಲಿ ಪಕ್ಕದವರ ಕೆಲಸವೂ ಈಕೆಯ ಮೇಜಿಗೇ ಬರುತ್ತದೆ. ನಾದಿನಿಯ ಮಗನ ಅಡ್ಮಿಷನ್‌ಗೆ ಓಡಾಡುವವಳೂ ಈಕೆಯೇ. "ಇಲ್ಲ ಅನ್ನೋಕೆ ಕಲಿ" ಎಂದು ಗಂಡ ಹೇಳಿದ್ದಾನೆ, ಗೆಳತಿಯರು ಹೇಳಿದ್ದಾರೆ. ಆಕೆಯ ಮೊಬೈಲಿನಲ್ಲಿ ಅದರ ಬಗ್ಗೆ ಸೇವ್ ಮಾಡಿಟ್ಟ ವಿಡಿಯೋಗಳೂ ಇವೆ.

ಮೊದಲ ವಾರದಿಂದಲೂ ಹತ್ತು ನಿಮಿಷ ಮುಂಚೆ ಬರುತ್ತಾಳೆ. ಕೂರುವ ಮೊದಲೇ "ಊಟ ಆಯ್ತಾ ಮೇಡಂ?" ಎನ್ನುತ್ತಾಳೆ. ಮಾತಿನ ಮಧ್ಯೆ ಗಡಿಯಾರ ನೋಡಿ "ನಿಮಗೆ ಲೇಟಾಗ್ತಿದೆಯೇನೋ" ಎನ್ನುತ್ತಾಳೆ. ಕೌನ್ಸೆಲರ್ ಇದನ್ನೆಲ್ಲ ಗಮನಿಸುತ್ತಾರೆ, ಅವಸರ ಮಾಡುವುದಿಲ್ಲ. ವಾರಗಳು ಕಳೆದಂತೆ ಅಪ್ಪನ ವಿಷಯ ಬರುತ್ತದೆ. ಅಪ್ಪ ಹತ್ತಿ ಗಿರಣಿಯ ಕಾರ್ಮಿಕ. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಸಂಜೆ ಅಪ್ಪ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಈಕೆಗೆ ಇವತ್ತು ಮನೆ ಹೇಗಿರುತ್ತದೆ ಎಂದು ಗೊತ್ತಾಗುತ್ತಿತ್ತು. ಸದ್ದು ಜೋರಾಗಿದ್ದರೆ ತಮ್ಮನನ್ನೂ ತಂಗಿಯನ್ನೂ ಹಿತ್ತಿಲಿಗೆ ಕಳಿಸಿ, ತಾನು ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇದನ್ನು ಆಕೆ ನಗುತ್ತಲೇ ಹೇಳುತ್ತಾಳೆ.

ಆಮೇಲೆ ಒಂದು ವಾರ ಕೌನ್ಸೆಲರ್‌ಗೆ ಜ್ವರ. ಸೆಷನ್ ರದ್ದು. ಮುಂದಿನ ವಾರ, ಯಾವತ್ತೂ ಮುಂಚೆ ಬರುವವಳು, ಇಪ್ಪತ್ತು ನಿಮಿಷ ತಡವಾಗಿ ಬರುತ್ತಾಳೆ.

"ಕಳೆದ ವಾರ ನಾನು ಬರಲಿಲ್ಲ. ನಿಮಗೆ ಹೇಗನ್ನಿಸಿತು?"

"ಏನೂ ಅನ್ನಿಸಲಿಲ್ಲ ಮೇಡಂ. ಪರವಾಗಿಲ್ಲ. ನಿಮಗೂ ಮನೆ, ಮಕ್ಕಳು ಅಂತ ಇರುತ್ತಲ್ಲ."

"ನನ್ನ ಕಷ್ಟ ಯೋಚಿಸಿದ್ರಿ. ನಿಮಗೆ ಏನಾಯ್ತು ಅಂತ ಹೇಳಲಿಲ್ಲ."

ಆಕೆ ಸುಮ್ಮನಾಗುತ್ತಾಳೆ. ಸೆರಗಿನ ಅಂಚನ್ನು ಸುತ್ತುತ್ತಾಳೆ, ಬಿಚ್ಚುತ್ತಾಳೆ. ತುಂಬಾ ಹೊತ್ತಾದ ಮೇಲೆ, "ಸ್ವಲ್ಪ ಸಿಟ್ಟು ಬಂತು ಮೇಡಂ. ರಜೆ ಹಾಕಿ ಬಂದಿದ್ದೆ. ತಪ್ಪು ತಿಳ್ಕೋಬೇಡಿ."

"ಸಿಟ್ಟು ಬಂತು ಅಂದ್ರಿ. ಕೂಡಲೇ ನಾನು ಬೇಜಾರಾಗ್ತೀನಿ ಅಂತ ಭಯವಾಯ್ತು, ಅಲ್ವಾ?"

ಇಷ್ಟೇ. ಹೊರಗಿನಿಂದ ನೋಡಿದರೆ ಇಲ್ಲಿ ಏನೂ ನಡೆದಿಲ್ಲ. ಆದರೆ ಮೂವತ್ತು ವರ್ಷಗಳಿಂದ ಆಕೆಯೊಳಗೆ ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತಿದ್ದ ಒಂದು ಕೆಲಸ ಈ ಸಲ ನಿಧಾನವಾಗಿ, ಇಬ್ಬರ ಕಣ್ಣೆದುರು ನಡೆಯಿತು. ಸಿಟ್ಟು ಹುಟ್ಟಿತು. ಸಿಟ್ಟು ತೋರಿಸಿದರೆ ಅನಾಹುತವಾಗುತ್ತದೆ ಎಂಬ ಭಯ ಬಂತು. ಆ ಭಯವನ್ನು ಮುಚ್ಚಲು "ಪರವಾಗಿಲ್ಲ" ಬಂತು. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ ಮನೋಚಿಕಿತ್ಸಕ ಡೇವಿಡ್ ಮಾಲನ್ ಇದನ್ನು ತ್ರಿಕೋನವಾಗಿ ಬರೆದು ತೋರಿಸುತ್ತಿದ್ದರು. ಒಂದು ಮೂಲೆಯಲ್ಲಿ ಬಚ್ಚಿಟ್ಟ ಭಾವನೆ, ಇನ್ನೊಂದರಲ್ಲಿ ಆತಂಕ, ಮತ್ತೊಂದರಲ್ಲಿ ತನ್ನನ್ನು ಕಾಪಾಡಿಕೊಳ್ಳುವ ತಂತ್ರ. ಅದರ ಪಕ್ಕದಲ್ಲಿ ಇನ್ನೊಂದು ತ್ರಿಕೋನ: ಎದುರಿಗಿರುವ ಕೌನ್ಸೆಲರ್, ಈಗಿನ ಬದುಕಿನ ಜನ, ಹಿಂದಿನ ಜನ. ಕೌನ್ಸೆಲರ್ ಜೊತೆ ನಡೆದದ್ದೇ ಮ್ಯಾನೇಜರ್ ಜೊತೆ ನಡೆಯುತ್ತಿದೆ, ಅಪ್ಪನ ಜೊತೆ ನಡೆದಿತ್ತು ಎಂದು ಮೂರೂ ಮೂಲೆ ಸೇರಿದಾಗ ಆಕೆಗೆ ತನ್ನ ಬಗ್ಗೆ ಒಂದು ಹೊಸ ಸಂಗತಿ ತಿಳಿಯುತ್ತದೆ. ಬುದ್ಧಿಗೆ ಮಾತ್ರ ತಿಳಿದದ್ದಲ್ಲ ಅದು, ಮೈಗೆ ಅನುಭವವಾದದ್ದು. ಸಿಟ್ಟು ಬಂದಿದೆ ಎಂದು ಬಾಯಿಬಿಟ್ಟು ಹೇಳಿದಳು. ಎದುರಿಗಿದ್ದವರು ಎದ್ದು ಹೋಗಲಿಲ್ಲ, ಕೂಗಾಡಲಿಲ್ಲ. ಸಲಹೆಯಿಂದ ಸಿಗದೇ ಇದ್ದದ್ದು ಇದು. "ಇಲ್ಲ ಅನ್ನು" ಎಂದು ಎಲ್ಲರೂ ಹೇಳಿದ್ದರು. ಇಲ್ಲ ಎಂದ ಮೇಲೂ ಸಂಬಂಧ ಉಳಿಯುತ್ತದೆ ಎಂದು ಆಕೆಗೆ ಯಾರೂ ತೋರಿಸಿರಲಿಲ್ಲ.

ಕೌನ್ಸೆಲರ್ ಆವತ್ತು "ಸಾರಿ, ಜ್ವರ ಇತ್ತು, ಮುಂದಿನ ಸಲ ಹೀಗಾಗಲ್ಲ" ಎಂದು ಮಾತು ಮುಗಿಸಿದ್ದರೆ ಸೌಜನ್ಯ ಉಳಿಯುತ್ತಿತ್ತು, ಕೆಲಸ ಆಗುತ್ತಿರಲಿಲ್ಲ. ತರಬೇತಿ ಬೇಕಾಗುವುದು ಇಂಥ ಜಾಗದಲ್ಲಿ. ತನ್ನ ಮೇಲೆ ಬರುವ ಸಿಟ್ಟನ್ನು ಕೇಳಿಸಿಕೊಂಡು ಕೂರುವುದು ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಬರುವುದಿಲ್ಲ.

ಅಪ್ಪ ಅಮ್ಮನನ್ನು ದೂರುವುದಾ?

ನಮ್ಮಲ್ಲಿ ಬಹಳ ಜನ ಹಿಂಜರಿಯುವುದು ಇದಕ್ಕೆ. ಹೆತ್ತವರು ಅಷ್ಟು ಕಷ್ಟಪಟ್ಟು ಸಾಕಿದ್ದಾರೆ, ಹೋಗಿ ಅಪರಿಚಿತರ ಎದುರು ಅವರನ್ನು ಬೈಯುವುದಾ? ಮನೆಯ ಮಾತು ಹೊರಗೆ ಹೋಗಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಈ ಹಿಂಜರಿಕೆಯನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವ ಕೌನ್ಸೆಲರ್‌ಗಳು ಇದ್ದರೆ ಅದು ಅವರ ತಪ್ಪು. "ನಿಮ್ಮ ಅಪ್ಪ ಟಾಕ್ಸಿಕ್" ಎಂದು ಮೂರನೇ ವಾರಕ್ಕೇ ತೀರ್ಪು ಕೊಡುವುದು ಸೈಕೋಡೈನಮಿಕ್ ಕೆಲಸವಲ್ಲ, ಅದೂ ಒಂದು ರೀತಿಯ ಸಲಹೆಯೇ.

ಸರಿಯಾಗಿ ನಡೆದರೆ ಅಪ್ಪ ಇನ್ನಷ್ಟು ಪೂರ್ತಿಯಾಗಿ ಕಾಣುತ್ತಾನೆ. ಸೈಕಲ್ ಸ್ಟ್ಯಾಂಡನ್ನು ಜೋರಾಗಿ ಹಾಕುತ್ತಿದ್ದವನು ಮುಂದಿನ ತಿಂಗಳು ಸಂಬಳ ಬರುತ್ತದೋ ಇಲ್ಲವೋ ಎಂದು ಹೆದರಿದ್ದ ಮನುಷ್ಯ ಎಂಬುದು ಈಗ ತಿಳಿಯುತ್ತದೆ. ಜೊತೆಗೆ, ಆ ಹೆದರಿಕೆಯನ್ನು ಹತ್ತು ವರ್ಷದ ಹುಡುಗಿ ಹೊರಬೇಕಾಯಿತು ಎಂಬುದೂ ತಿಳಿಯುತ್ತದೆ. ಎರಡೂ ನಿಜ. ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಿಲ್ಲ. ಮಗುವಿಗೆ ಎಲ್ಲವೂ ಸರಿಯಿರುವ ತಾಯಿ ಬೇಕಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು ಎಂದು ವಿನ್ನಿಕಾಟ್ ಹೇಳಿದ್ದು ಹೆತ್ತವರಿಗೆ ಸಮಾಧಾನ ಕೊಡುವ ಮಾತು.

ಕೆಲಸ ಮಾಡುತ್ತದಾ?

ಇದು ವಿಜ್ಞಾನವೇ ಅಲ್ಲ, ಬರೀ ಮಾತು ಎಂಬ ಟೀಕೆ ಹಳೆಯದು. ಬಹಳ ಕಾಲ ಈ ವಿಧಾನದವರು ಪರೀಕ್ಷೆಗೆ ಒಡ್ಡಿಕೊಳ್ಳದೆ ದೂರ ಉಳಿದದ್ದೂ ನಿಜ. ಆ ಹೊತ್ತಿಗೆ, ಈಗಿನ ಯೋಚನೆಗಳನ್ನು ಪರೀಕ್ಷಿಸಿ ಬದಲಿಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ವಿಧಾನ ಅಧ್ಯಯನಗಳ ಬಲದಿಂದ ಮುಂದೆ ಬಂತು. ಕಳೆದ ಎರಡು ದಶಕಗಳಲ್ಲಿ ಚಿತ್ರ ಬದಲಾಗಿದೆ. 2017ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ ಒಂದು ಒಟ್ಟು ವಿಶ್ಲೇಷಣೆ, ಸೈಕೋಡೈನಮಿಕ್ ಚಿಕಿತ್ಸೆ ಇತರ ಸಾಬೀತಾದ ಚಿಕಿತ್ಸೆಗಳಿಗೆ ಸಮನಾಗಿದೆ ಎಂದು ಕಂಡಿತು. ಹೆಚ್ಚು ಒಳ್ಳೆಯದು ಎಂದಲ್ಲ, ಸಮ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು 2015ರಲ್ಲಿ ಪ್ರಕಟವಾದ ಟ್ಯಾವಿಸ್ಟಾಕ್ ಅಧ್ಯಯನ. ಬೇರೆ ಚಿಕಿತ್ಸೆಗಳಿಗೆ ಜಗ್ಗದ, ವರ್ಷಗಟ್ಟಲೆ ಉಳಿದ ಖಿನ್ನತೆಯಿದ್ದ 129 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ವಾರಕ್ಕೊಮ್ಮೆ ಮನೋವಿಶ್ಲೇಷಣೆ (ಫ್ರಾಯ್ಡ್ ಶುರುಮಾಡಿದ ವಿಧಾನ) ಆಧರಿಸಿದ ಮಾತಿನ ಚಿಕಿತ್ಸೆ, 18 ತಿಂಗಳು. ಚಿಕಿತ್ಸೆ ಮುಗಿದ ದಿನ ಎರಡು ಗುಂಪಿಗೂ ದೊಡ್ಡ ವ್ಯತ್ಯಾಸವಿರಲಿಲ್ಲ. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ಇದು ಉಪಯೋಗವಿಲ್ಲ ಎಂದೇ ಬರೆಯುತ್ತಿದ್ದರು. ಆದರೆ ಅವರು ಕಾದರು. ಅಧ್ಯಯನ ಶುರುವಾಗಿ 42 ತಿಂಗಳಾದಾಗ ನೋಡಿದರೆ, ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ 30ರಷ್ಟು ಜನ ಭಾಗಶಃವಾದರೂ ಚೇತರಿಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಅದು ಶೇ 4.4. ಈ ಫಲಿತಾಂಶವನ್ನು ಉಬ್ಬಿಸುವುದು ಬೇಡ. ಶೇ 70 ಜನರಿಗೆ ಅಷ್ಟು ಚೇತರಿಕೆ ಸಿಗಲಿಲ್ಲ ಎಂಬುದೂ ಅದರಲ್ಲೇ ಇದೆ. ಆದರೂ ಚಿಕಿತ್ಸೆ ನಿಂತ ಮೇಲೆ ಅಂತರ ಬೆಳೆದದ್ದು ಗಮನಿಸಬೇಕಾದ ವಿಷಯ. ತನ್ನನ್ನು ತಾನು ನೋಡಿಕೊಳ್ಳುವ ಅಭ್ಯಾಸ ಒಮ್ಮೆ ಹತ್ತಿದರೆ ಕೌನ್ಸೆಲರ್ ಇಲ್ಲದೆಯೂ ಅದು ಮುಂದುವರಿಯುತ್ತದೆ ಎಂದು ಈ ವಿಧಾನದವರು ಹೇಳುತ್ತಾ ಬಂದದ್ದಕ್ಕೆ ಇದು ಹೊಂದುತ್ತದೆ.

ನಮ್ಮಲ್ಲಿ ಯಾಕೆ ಕಷ್ಟ

ಭಾರತಕ್ಕೆ ಇದು ಹೊಸದಲ್ಲ. ವೈದ್ಯ ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ನಡೆಸುತ್ತಲೇ, ನನ್ನ ರೋಗಿಗಳು ನಿಮ್ಮ ರೋಗಿಗಳಂತಲ್ಲ ಎಂದು ವಾದಿಸಿದರು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ, ಇಲ್ಲಿ ಚಿಕಿತ್ಸಕ ಮತ್ತು ರೋಗಿಯ ನಂಟು ಗುರು-ಶಿಷ್ಯರ ನಂಟಿನಂತೆ ಇರಬಹುದಲ್ಲವೇ ಎಂದು ಕೇಳಿದರು. ದೆಹಲಿಯಲ್ಲಿ ಮತ್ತು ಗೋವಾದಲ್ಲಿ ಬದುಕಿದ ಮನೋವಿಶ್ಲೇಷಕ ಸುಧೀರ್ ಕಾಕರ್ ಕೂಡ, ಇಲ್ಲಿನ ಜನ ಚಿಕಿತ್ಸಕರಲ್ಲಿ ಗುರುವನ್ನು ಹುಡುಕುವುದರ ಬಗ್ಗೆ ಬರೆದಿದ್ದಾರೆ. "ಮೇಡಂ, ನೀವೇ ಹೇಳಿಬಿಡಿ" ಎಂಬ ಮಾತಿನ ಹಿಂದೆ ಇರುವುದು ಇದೇ. ಒಳ್ಳೆಯ ಕೌನ್ಸೆಲರ್ ಅದನ್ನು ತಿರಸ್ಕರಿಸುವುದಿಲ್ಲ. ಸುಮ್ಮನೆ ಕೂತು ಗೋಡೆಯಂತೆ ವರ್ತಿಸುವುದೂ ಇಲ್ಲ. "ನಾನು ಹೇಳಿದ ಹಾಗೆ ಮಾಡಿದರೆ ಏನಾಗುತ್ತೆ, ಮಾಡದಿದ್ದರೆ ಏನಾಗುತ್ತೆ ಅಂತ ಅನ್ನಿಸುತ್ತೆ?" ಎಂದು ಕೇಳುತ್ತಾರೆ. ಮಾತು ಅಲ್ಲಿಂದ ಮುಂದೆ ಹೋಗುತ್ತದೆ.

ಭಾಷೆಯ ವಿಷಯ ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ ಇಂಥ ತರಬೇತಿ ಪಡೆದ ಎಷ್ಟೋ ಮಂದಿ ಕೆಲಸ ಮಾಡುವುದು ಇಂಗ್ಲಿಷಿನಲ್ಲಿ. ಬಾಲ್ಯ ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ ನಡೆದಿದೆ. ಅಪ್ಪ ಬೈದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅದು ವರದಿಯಾಗುತ್ತದೆ. ಕನ್ನಡದಲ್ಲಿ ಹೇಳುವಾಗ ಗಂಟಲು ಕಟ್ಟುತ್ತದೆ. ಕೌನ್ಸೆಲರ್‌ಗೆ ಕನ್ನಡ ಬರುತ್ತದೆಯೇ ಎಂದು ಮೊದಲೇ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸರ್ಕಾರದ ಕಡೆ ನೋಡಿದರೆ, ಕರ್ನಾಟಕ ಮಾನಸಿಕ ಆರೋಗ್ಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ, ಮಾನಸಿಕ ಕಾಯಿಲೆಗೆ ಊರಿನ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡುವ ಬಳ್ಳಾರಿ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ತೀವ್ರ ಕಾಯಿಲೆಯವರಿಗೆ ಔಷಧಿ ಊರಿನ ಹತ್ತಿರವೇ ಸಿಗುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಸಾಲು ಹೊರಗೆ ಬೆಳೆದಿರುವಾಗ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಒಬ್ಬರೇ ಕೌನ್ಸೆಲರ್ ಒಬ್ಬ ವ್ಯಕ್ತಿಯನ್ನು ವಾರವಾರ, ತಿಂಗಳುಗಟ್ಟಲೆ ನೋಡುವ ವ್ಯವಸ್ಥೆಗೆ ಅಲ್ಲಿ ಜಾಗವಿಲ್ಲ. ಗುತ್ತಿಗೆಯ ಮೇಲೆ ಬಂದ ಕೌನ್ಸೆಲರ್ ಬದಲಾದರೆ ಹೇಳಿದ್ದನ್ನೇ ಮತ್ತೊಬ್ಬರಿಗೆ ಮೊದಲಿಂದ ಹೇಳಬೇಕು. ಖಾಸಗಿಯಾಗಿ ಹೋದರೆ ಬೆಂಗಳೂರಿನಲ್ಲಿ ಒಂದು ಸೆಷನ್‌ಗೆ ಸಾವಿರ ರೂಪಾಯಿಗಿಂತ ಹೆಚ್ಚು ಕೇಳುವುದು ಸಾಮಾನ್ಯ. ವಾರಕ್ಕೊಂದು ಎಂದರೆ ಎಷ್ಟು ಮನೆಗಳಿಗೆ ನಿಭಾಯಿಸಲು ಆಗುತ್ತದೆ? ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಕೌನ್ಸೆಲರ್‌ಗೆ ವಾರದಲ್ಲಿ ಕೆಲವು ಗಂಟೆಗಳನ್ನಾದರೂ ಇಂಥ ಕೆಲಸಕ್ಕೆ ಎತ್ತಿಟ್ಟು, ಬೆಂಗಳೂರಿನ ಹಿರಿಯರಿಂದ ಆನ್‌ಲೈನ್ ಮಾರ್ಗದರ್ಶನ ಕೊಡಿಸುವುದು ಆಗದ ಮಾತಲ್ಲ.

ಹೋಗುವ ಮೊದಲು, ಬಿಡುವ ಮೊದಲು

ಎಲ್ಲರಿಗೂ ಎಲ್ಲ ಹೊತ್ತಿಗೂ ಇದು ಸರಿಯಲ್ಲ. ಸಾಯುವ ಯೋಚನೆ ಬಲವಾಗಿದ್ದರೆ, ಇಲ್ಲದ ದನಿಗಳು ಕೇಳುತ್ತಿದ್ದರೆ, ಕುಡಿತ ಕೈಮೀರಿದ್ದರೆ ಮೊದಲು ಮನೋವೈದ್ಯರು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮನೆಯಲ್ಲಿ ಈಗಲೂ ಹೊಡೆತ ತಿನ್ನುತ್ತಿರುವವರಿಗೆ ಬೇಕಿರುವುದು ಮೊದಲು ಸುರಕ್ಷಿತ ಜಾಗ. ತನ್ನನ್ನು ಅರಿಯುವುದು ಆಮೇಲೆ.

ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುತ್ತದೆ. ಕೌನ್ಸೆಲರ್ ಎಂಬ ಬೋರ್ಡ್ ಹಾಕಿಕೊಳ್ಳುವುದು ಮಾತ್ರ ಈಗಲೂ ಸುಲಭ. ಹಾಗಾಗಿ ಮೂರು ಮಾತು ಕೇಳಿ ತಿಳಿದುಕೊಳ್ಳಿ. ಎಲ್ಲಿ, ಎಷ್ಟು ಕಾಲ ತರಬೇತಿಯಾಗಿದೆ? ಈಗಲೂ ಹಿರಿಯರ ಸೂಪರ್‌ವಿಷನ್ ಪಡೆಯುತ್ತೀರಾ? ನೀವೂ ಹೀಗೆ ಇನ್ನೊಬ್ಬರ ಎದುರು ಕೂತಿದ್ದೀರಾ? ಈ ವಿಧಾನದಲ್ಲಿ ಕೊನೆಯ ಪ್ರಶ್ನೆ ಅಧಿಕಪ್ರಸಂಗವಲ್ಲ. ಸ್ವತಃ ಚಿಕಿತ್ಸೆಗೆ ಕೂರುವುದು ಅದರ ತರಬೇತಿಯ ಭಾಗ.

ಇನ್ನು ಬಿಡುವ ವಿಷಯ. ನಾವು ಸಾಮಾನ್ಯವಾಗಿ ಹೇಳಿ ಬಿಡುವುದಿಲ್ಲ, ಹೋಗುವುದನ್ನು ನಿಲ್ಲಿಸುತ್ತೇವೆ. ಫೋನ್ ಬಂದರೆ ಎತ್ತುವುದಿಲ್ಲ. ಹಣದ ತೊಂದರೆಯಿರಬಹುದು, ಸಾಕು ಅನ್ನಿಸಿರಬಹುದು, ಕೌನ್ಸೆಲರ್ ಆಡಿದ ಒಂದು ಮಾತು ಚುಚ್ಚಿರಬಹುದು. ಮುಖ ನೋಡಿ ಹೇಳಲು ಸಂಕೋಚ. ಈ ವಿಧಾನದಲ್ಲಿ ಕೊನೆಯ ಕೆಲವು ವಾರಗಳನ್ನು ಮುಗಿಸುವುದಕ್ಕೆಂದೇ ಇಟ್ಟಿರುತ್ತಾರೆ. ಬೀಳ್ಕೊಡುವಾಗ ಹಳೆಯ ಅಗಲಿಕೆಗಳೂ ಮೇಲೆ ಬರುತ್ತವೆ. ಅವುಗಳನ್ನು ನೋಡುವುದೂ ಕೆಲಸದ ಭಾಗವೇ. ಆದ್ದರಿಂದ ಬಿಡಬೇಕು ಅನ್ನಿಸಿದಾಗ ಒಂದು ಸಲ ಹೋಗಿ, "ಮೇಡಂ, ಇನ್ನು ಬರೋದು ಬೇಡ ಅನ್ನಿಸ್ತಿದೆ" ಎಂದು ಅವರ ಎದುರೇ ಹೇಳಿ. ಕಲಿತ ಕೌನ್ಸೆಲರ್ ಒತ್ತಾಯ ಮಾಡುವುದಿಲ್ಲ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಹಾಗನ್ನಿಸಲು ಶುರುವಾದದ್ದು ಯಾವಾಗ, ಯಾವ ಮಾತಿನ ನಂತರ ಎಂದು ಕೇಳುತ್ತಾರೆ.